ಚಕ್ರದಡಿಯ ಕೊರಡು

ಗಂಡ ಮಾತು ಕಡಿಮೆ ಮಾಡಿದಷ್ಟೂ ಶರ್ಮಿಳಾಗೆ ಹೆದರಿಕೆ ಹೆಚ್ಚು. ಬೆಳಿಗ್ಗೆಯಿಂದ ರಾಜಶೇಖರ ಆಡಿದ್ದು ಒಂದೇ ಮಾತು: "ಬ್ರೇಕಿನ ವಿಷಯ ಬಾಯಿ ಬಿಟ್ಟೆಯೋ, ನೋಡು."

ಬಾಣಾವರದ ಅವರ ಕೊಬ್ಬರಿ ಶೆಡ್ಡಿನಲ್ಲಿ, ಕಾಯಿ ಒಣಗುವ ಅಟ್ಟದ ಕೆಳಗೆ, ಹಳೇ ಕಾಂಟೆಸ್ಸಾ ಕಾರು ವರ್ಷಗಳಿಂದ ಅರ್ಧ ಬಣ್ಣ ಬಳಿದುಕೊಂಡು ನಿಂತಿತ್ತು. ಹೊಸದರಂತೆ ಮಾಡುತ್ತೇನೆಂದು ಬಿಚ್ಚಿದ ರಾಜಶೇಖರನಿಗೆ ಜೋಡಿಸುವ ಉಮೇದು ಉಳಿದಿರಲಿಲ್ಲ. ಬ್ರೇಕಿನ ಪೈಪು ಕಳಚುವಾಗ ಟಾರ್ಚ್ ಹಿಡಿದವಳು ಶರ್ಮಿಳಾಳೇ. ಆ ಪೈಪುಗಳು ಇನ್ನೂ ಮೂಲೆಯ ಗೋಣಿಚೀಲದಲ್ಲಿದ್ದವು. ಈಗ ಕಾರನ್ನು ಅಂಗಳದ ಇಳಿಜಾರಿಗೆ ತಳ್ಳಿ, ಮುಂದಿನ ಚಕ್ರಗಳಿಗೆ ತೆಂಗಿನ ಕೊರಡು ಕೊಟ್ಟು ನಿಲ್ಲಿಸಿದ್ದರು.

ಕೊಳ್ಳಲು ಬಂದ ಬೇಲೂರಿನ ರಂಗನಾಥ್ ಟ್ರ್ಯಾಕ್ಟರ್ ತಂದಿದ್ದ. ಹಗ್ಗ ಕಟ್ಟಿ ಎಳೆದೊಯ್ಯುವುದು, ಸ್ಟೇರಿಂಗ್ ಹಿಡಿದು ತಾನೇ ಕೂರುವುದು ಅವನ ಲೆಕ್ಕ.

"ಬ್ರೇಕ್ ಸರಿಯಾಗೈತಲ್ಲ, ಸಾವ್ಕಾರ್ರೆ?"

"ಕಾಲಿಟ್ರೆ ನಿಲ್ತದೆ ಕಣ್ರೀ," ಎಂದ ರಾಜಶೇಖರ.

ರಂಗನಾಥನ ಹೆಂಡತಿ ಕೋಮಲ ನಕ್ಕಳು. "ನನ್ನ ಮಾತಿಗೇ ನಿಲ್ಲದ ಗಂಡಸು, ಈ ಗುಜರೀನ ನಿಲ್ಲುಸ್ತಾರಂತೆ! ತಡೀರಿ, ಆರತಿ ಆಗ್ದೆ ಚಕ್ರ ಉರುಳಬಾರ್ದು." ಸೊಂಟದಲ್ಲಿ ಮಗು, ಕೈಯಲ್ಲಿ ತಟ್ಟೆ. ಅವಳು ಕಾರಿನ ಎದುರಿಗೇ ಬಂದು ನಿಂತಳು.

"ನಿಂಬೆಹಣ್ಣಿಡೋಕೆ ಈ ಕೊರಡು ಅಡ್ಡ," ಎನ್ನುತ್ತ ರಂಗನಾಥ್ ಒಂದನ್ನು ಎಳೆದೆಸೆದು, ಅಲ್ಲಿ ಹಣ್ಣಿಟ್ಟ. ಕಾರು ಕಿರುಗುಟ್ಟಿತು. ಅವನು ಆಚೆ ಬದಿಗೆ ಹೋದ.

ಶರ್ಮಿಳಾ ಮನಸ್ಸಿನಲ್ಲೇ ಅಂದುಕೊಂಡಳು: ಇವರೇ ಹೇಳುತ್ತಾರೆ, ಅಷ್ಟು ಕೆಟ್ಟವರಲ್ಲ, ಈಗ ಹೇಳುತ್ತಾರೆ. ಗಂಡನತ್ತ ತಿರುಗಿದಳು. ಅವನು ಕಾರನ್ನಲ್ಲ, ಮಗುವನ್ನಲ್ಲ, ಅವಳನ್ನೇ ನೋಡುತ್ತಿದ್ದ. ಮದುವೆಯಾದಂದಿನಿಂದ ಅವಳ ಮಾತುಗಳನ್ನೆಲ್ಲ ಗಂಟಲಲ್ಲೇ ನಿಲ್ಲಿಸಿದ ನೋಟ ಅದು.

ರಂಗನಾಥನ ಕೈ ಎರಡನೇ ಕೊರಡಿನ ಮೇಲೆ ಬಿತ್ತು.

"ತೆಗೀಬೇಡಿ! ಬ್ರೇಕೇ ಇಲ್ಲ ಅದಕ್ಕೆ! ಕೋಮಲಾ, ಈಚೆ ಬಾರಮ್ಮ!"

ಆ ದನಿ ತನ್ನದೆಂದು ಶರ್ಮಿಳಾಳಿಗೇ ಗೊತ್ತಾಗಲಿಲ್ಲ. ಕೋಮಲ ತಟ್ಟೆ ಬಿಟ್ಟು ಪಕ್ಕಕ್ಕೆ ಹಾರಿದಳು. ಕಾರು ಗೇಣು ಜಾರಿತು, ನಿಂಬೆಹಣ್ಣು ಪಚಕ್ಕನೆ ಒಡೆಯಿತು, ಉಳಿದೊಂದು ಕೊರಡು ನರಳಿ ತಡೆಯಿತು.

ರಂಗನಾಥ್ ತಂದಿದ್ದ ಹಗ್ಗ ಸುತ್ತಿ ಟ್ರ್ಯಾಕ್ಟರಿಗೆ ಹಾಕಿದ. ಹೋಗುವ ಮುಂಚೆ ಕೋಮಲ ಬಂದು ಶರ್ಮಿಳಾಳ ಕೈ ಹಿಡಿದಳು. ಇಬ್ಬರ ಕೈಯೂ ತಣ್ಣಗಿತ್ತು.

ಟ್ರ್ಯಾಕ್ಟರಿನ ಸದ್ದು ಅಡಗಿತು.

"ಒಳಗೆ ಬಾ," ಎಂದ ರಾಜಶೇಖರ, ಮೆತ್ತಗೆ.

ಶರ್ಮಿಳಾ ರಸ್ತೆಯತ್ತ ನೋಡಿದಳು. ಜನ ಓಡಾಡುತ್ತಿದ್ದರು.

"ಮೊದಲು ಆ ಕಿತ್ತೆಸೆದ ಕೊರಡು ಚಕ್ರಕ್ಕಿಡಿ," ಎಂದಳು.

ಅವನು ಕೊರಡಿಗೆ ಬಗ್ಗುವವರೆಗೂ ಅವಳು ಕದಲಲಿಲ್ಲ.