ಅಗ್ನಿಮೂಲೆ

"ಇಲ್ಲಿ ಬಾಯ್ಲರ್ ಇಟ್ರೆ ನಾನು ಬೆಂಕಿ ಆಕಕಿಲ್ಲ ಸಾವ್ಕಾರ್ರೆ. ಬೇರೆ ಜನ ನೋಡ್ಕಳಿ," ಎಂದು ಮಂಚಯ್ಯ, ಗಾರೆಯವನು ಸುಣ್ಣದ ಪುಡಿಯಲ್ಲಿ ಎಳೆದಿದ್ದ ಚೌಕದಿಂದ ಆಚೆ ಬಂದ.

ಭೇರ್ಯದಾಚೆ ಕಬ್ಬಿನ ಗದ್ದೆಗಳ ನಡುವಿನ ಅರ್ಧ ಎಕರೆಯಲ್ಲಿ ಸಿದ್ದಮಲ್ಲಪ್ಪನವರ ಸಣ್ಣ ಡಿಸ್ಟಿಲರಿ ಏಳಬೇಕಿತ್ತು. ಬೆಲ್ಲ ಕೊಳೆಸಿ ಮದ್ಯ ಇಳಿಸುವ ಕಾರ್ಖಾನೆ. ಮೈಸೂರಿನ ಎಂಜಿನಿಯರ್ ನಕ್ಷೆಯಲ್ಲಿ ಬಾಯ್ಲರನ್ನು ಹಿಂದಿನ ಮೂಲೆಗೆ ಹಾಕಿದ್ದರು. ವಾಸ್ತು ನೋಡುವವರು ಬಂದು, ಬೆಂಕಿ ಅಗ್ನಿಮೂಲೆ ಬಿಟ್ಟು ಬೇರೆಲ್ಲೂ ಇರಕೂಡದೆಂದು ಅದನ್ನು ಆಗ್ನೇಯಕ್ಕೆ ತಂದರು. ಅದರ ಗೋಡೆಗೆ ಅಂಟಿಕೊಂಡೇ ಸ್ಪಿರಿಟ್ ತುಂಬಿಡುವ ಕೋಣೆ.

ಮಂಚಯ್ಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮುಂದೆ ಇಪ್ಪತ್ತೆಂಟು ವರ್ಷ ನಿಂತವನು, ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಪಡೆದವನು. ಅಂಥವನೊಬ್ಬನ ಸಹಿ ಇಲ್ಲದೆ ಸಿದ್ದಮಲ್ಲಪ್ಪನವರ ಲೈಸೆನ್ಸ್ ಅರ್ಜಿ ಮುಂದೆ ಹೋಗುವಂತಿರಲಿಲ್ಲ.

"ನಮ್ಮಪ್ಪ ಆಲೆಮನೆ ಒಲೇನೂ ಇದೇ ಮೂಲೇಲೇ ಹಾಕ್ಸಿದ್ರು ಕಣಯ್ಯ," ಎಂದರು ಸಿದ್ದಮಲ್ಲಪ್ಪ.

"ಅದು ಬೆಲ್ಲ. ಸ್ಪಿರಿಟಿನ ಆವಿ ಕಣ್ಗೆ ಕಾಣಕಿಲ್ಲ. ನೆಲ ಹಿಡ್ಕಂಡು ಒಲೆ ಹುಡಿಕ್ಕಂಡು ಬತ್ತದೆ."

ಯಜಮಾನರ ಹೆಂಡತಿ ಸುಧಾ ಮಜ್ಜಿಗೆ ತಂದು ಮೊದಲು ಮಂಚಯ್ಯನಿಗೇ ಕೊಟ್ಟರು. "ನಿಮಗೆ ಬಿಪಿ ಅಲ್ವಾ, ಉಪ್ಪು ಕಮ್ಮಿ ಹಾಕಿದೀನಿ."

ಸಿದ್ದಮಲ್ಲಪ್ಪ ಜಾಗವನ್ನೆಲ್ಲ ಒಂದು ಸುತ್ತು ಹಾಕಿ ಬಂದರು. "ಆಯ್ತು ಬುಡು. ಬಾಯ್ಲರ್ ಅಲ್ಲಾಡಲ್ಲ, ಸ್ಪಿರಿಟ್ ಕೋಣೆ ಪಡುವಲ ತುದಿಗೆ ಹೋಗ್ಲಿ. ಸಮಾಧಾನ್ವಾ?"

ಇಷ್ಟು ವರ್ಷಗಳಲ್ಲಿ ಮಂಚಯ್ಯನ ಮಾತಿಗೆ ಯಾರೂ ಒಂದು ಗೋಡೆ ಸರಿಸಿರಲಿಲ್ಲ. ಅವನು ಜೇಬಿನಿಂದ ಸರ್ಟಿಫಿಕೇಟಿನ ನಕಲು ತೆಗೆದು, ಕಾರಿನ ಬಾನೆಟ್ ಮೇಲಿಟ್ಟು ಸಹಿ ಹಾಕಿಕೊಟ್ಟ. ಹಬೆ ಹೋಗುವ ಕಡೆಗೇ ಪೈಪು ತುಸು ಇಳಿಜಾರಿರಬೇಕು, ತಣ್ಣಗಾದ ನೀರು ಒಳಗೆ ನಿಂತರೆ ಪೈಪು ಸುತ್ತಿಗೆಯಲ್ಲಿ ಹೊಡೆದಂತೆ ಬಡಿದುಕೊಳ್ಳುತ್ತದೆ ಎಂದೆಲ್ಲ ಕೇಳದೆಯೇ ಹೇಳಿದ. ಸಿದ್ದಮಲ್ಲಪ್ಪ ಫೋನಿನಲ್ಲಿ ಬರೆದುಕೊಂಡರು.

ಆಮೇಲೆ ಗಾರೆಯವನು ಹೊಸ ಗೆರೆ ಎಳೆದ. ಸ್ಪಿರಿಟ್ ಕೋಣೆ ಇದ್ದಲ್ಲೇ ಇನ್ನೊಂದು ಚೌಕ ಮೂಡಿತು.

"ಇದೇನು?" ಎಂದು ಮಂಚಯ್ಯ ಸಾವ್ಕಾರರನ್ನು ಕೇಳಿದ.

"ಬಾಟ್ಲಿ ತೊಳೆಯೋ ಹೆಂಗಸ್ರ ಕೋಣೆ. ಪಡುವಲಲ್ಲಿತ್ತು, ಇಲ್ಲಿಗೆ ತಂದೆ."

"ಇಷ್ಟು ಒತ್ತಿಗಾ? ಬಾಯ್ಲರಿಂದು ಒಂದು ಟ್ಯೂಬು ಒಡೆದು ಹಬೆ ನುಗ್ಗುದ್ರೆ..." ಮಂಚಯ್ಯ ತನ್ನ ಅಂಗಿಯ ತೋಳು ಹಿಡಿದು ತೋರಿಸಿದ. "ನಮ್ಮ ಫ್ಯಾಕ್ಟ್ರೀಲಿ ಒಬ್ನ ಅಂಗಿ ಬಿಚ್ಚುದ್ರೆ ಚರ್ಮಾನೂ ಜೊತೇಲೇ ಬಂತು ಸಾವ್ಕಾರ್ರೆ. ನಾನೇ ಬಿಚ್ಚಿದ್ದು."

ಸಿದ್ದಮಲ್ಲಪ್ಪ ನಕ್ಕರು. "ಸ್ಪಿರಿಟ್ ಹತ್ಕತದೆ ಅಂದೆ, ಎತ್ತಿಟ್ಟೆ. ಈಗ ಹೆಂಗಸ್ರೂ ಹತ್ಕತಾರಾ?"

"ಹಿಂದ್ಗಡೆ ಜಾಗ ಅದೆಯಲ್ಲ."

"ಅದು ಈಶಾನ್ಯ ಕಣಯ್ಯ. ದೇವಮೂಲೇಲಿ ಕುಡ್ದು ಬಿಸಾಕಿದ ಬಾಟ್ಲಿ ತೊಳೆಸ್ಲಾ?" ದನಿ ತಗ್ಗಿಸಿ ಅವನ ಹೆಗಲ ಮೇಲೆ ಕೈಯಿಟ್ಟರು. "ನಿನ್ ಮಗ್ಳು ಪುಷ್ಪಾನೂ ಇಲ್ಲೇ ಅಲ್ವಾ ಕೆಲ್ಸಕ್ಕೆ ಬರದು? ಬೇರೇವ್ರಿಗಿಂತ ನೀನೇ ಹುಷಾರಾಗಿ ನೋಡ್ಕತೀಯ."

ಸಹಿಯಾದ ಕಾಗದ ಆಗಲೇ ಸುಧಾ ಅವರ ಬಳಿ ಇತ್ತು. ಬೆವರು ತಾಗಿ ಸಹಿ ಅಳಿಸದಿರಲೆಂದು ಅದನ್ನವರು ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದರು. ಮಂಚಯ್ಯ ಕಾಗದಕ್ಕೆ ಕೈ ಚಾಚಿದ. ಅವರು ಆ ಕೈಯಲ್ಲಿ ಇನ್ನೊಂದು ಲೋಟ ಮಜ್ಜಿಗೆ ಇಟ್ಟರು. ಅವನು ಕುಡಿದ.

ಹನ್ನೆರಡರ ಹೊತ್ತಿಗೆ ಪುಷ್ಪಾ ಪಕ್ಕದ ಮನೆಯ ಮಾಯಮ್ಮನನ್ನು ಕರೆದುಕೊಂಡು ಕೆಲಸದ ಜಾಗ ನೋಡಲು ಬಂದಳು. ಯಾರೋ ಕೋಣೆ ತೋರಿಸಿದರು. ಮಾಯಮ್ಮ ಚೌಕದೊಳಗೆ ಹೋಗಿ, ಬಾಯ್ಲರ್ ಬರುವ ಮಗ್ಗುಲಿಗೆ ಕುಕ್ಕರಿಸಿದಳು.

"ನಾನು ಇಲ್ಲೇ ಕಣವ್ವ. ಗೋಡೆ ಬೆಚ್ಗಿರ್ತದೆ, ನನ್ ಮಂಡಿಗೆ ಒಳ್ಳೇದು."

"ಕೂತ್ಕೊ ಮಾಯಕ್ಕ. ನಿನ್ ಪಕ್ದಾಗೆ ನಾನು," ಎಂದು ಪುಷ್ಪಾ ಅವಳ ಸೆರಗಿಗಂಟಿದ ಸುಣ್ಣ ಕೊಡವಿದಳು.

ಮಂಚಯ್ಯ ಬಂದು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ನಿಂತ. ಮಗಳು ತಲೆಯೆತ್ತಿ ನೋಡಿ ನಕ್ಕಳು.

"ಅಪ್ಪಾ, ಅತ್ಲಾಗೆ ಸರಿ. ಗೋಡೆ ಮೇಲೆ ನಿಂತಿದೀಯ."

ಅವನು ಸರಿಯಲಿಲ್ಲ.