ನಲವತ್ತಮೂರು ಸೆಂಟಿಮೀಟರ್

ಓಸ್ಮೆಲ್ ಶವಪೆಟ್ಟಿಗೆಯ ತಳಕ್ಕೆ ಅಂಗೈ ಕೊಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿದ. ಹಲಗೆ ಬಾಗಿತು. ಕೈ ತೆಗೆದ ಮೇಲೆ ಮತ್ತೆ ಜೋತುಬಿತ್ತು.

"ಇದು ತಡೆಯಲ್ಲ ಅಕ್ಕ," ಎಂದ.

ಸೆನೈದಾಳಿಗೆ ಅದು ಬೆಳಗ್ಗೆಯೇ ಗೊತ್ತಾಗಿತ್ತು. ತಗಡಿನ ಕೆಲಸದವನ ಜೊತೆ ನಲವತ್ತು ವರ್ಷ ಬಾಳಿದವಳಿಗೆ ಪೆಟ್ಟಿಗೆಯ ಗುಣ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಬ್ಬಿನ ಸಿಪ್ಪೆ ಒತ್ತಿ ಮಾಡಿದ ಹಲಗೆ, ಮೇಲೊಂದು ಬೂದು ಬಟ್ಟೆ, ಮೂಲೆಗೆ ಎರಡೆರಡು ಸಣ್ಣ ಮೊಳೆ, ಕಾಲಿನ ಕಡೆ ಬೆಳಕು ತೂರುವಷ್ಟು ಸಂದು. ಅದರೊಳಗೆ ಅವಳ ಗಂಡ ಅರಿಸ್ತಿದೆಸ್, ಆರಡಿ ನಾಲ್ಕಂಗುಲದ ಆಳು, ಮೊಣಕಾಲು ತುಸು ಮಡಿಸಿಕೊಂಡು ಮಲಗಿದ್ದ. ಬೆಳಗಿನ ಕಾಫಿ ಕುಡಿಯುತ್ತ ಎದೆ ಹಿಡಿದುಕೊಂಡವನು ಎಂಟು ಗಂಟೆಗೆಲ್ಲ ಇಲ್ಲವಾಗಿದ್ದ. ಮೂರಕ್ಕೆ ಮಣ್ಣು. ಕ್ಯೂಬಾದ ಈ ಸೆಕೆಯಲ್ಲಿ ಯಾರೂ ಹೆಣ ಇಟ್ಟುಕೊಂಡು ಕೂರುವುದಿಲ್ಲ.

ಹೂವಿನ ಚಕ್ರ ಬೇಕು, ಕಾರು ಬೇಕು ಎಂದೆಲ್ಲ ಅವಳು ಕೇಳಿರಲಿಲ್ಲ. ಊರಿಗೆಲ್ಲ ತಗಡಿನ ಪೆಟ್ಟಿಗೆ ಮಾಡಿಕೊಟ್ಟವನು ಒಂದು ನೆಟ್ಟಗಿನ ಪೆಟ್ಟಿಗೆಯಲ್ಲಿ ಹೋಗಲಿ, ಅಷ್ಟೇ ಅವಳ ಆಸೆ.

ಶವಗೃಹ ನೋಡಿಕೊಳ್ಳುವ ಮಿಗ್ದಾಲಿಯಾ ಫೈಲು ಬೀಸಿಕೊಳ್ಳುತ್ತ ಬಂದಳು. ಹನ್ನೊಂದರಿಂದ ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು.

"ಇನ್ನೊಂದು ಪೆಟ್ಟಿಗೆ ಇಲ್ವೇನಮ್ಮ?" ಸೆನೈದಾ ಕೇಳಿದಳು.

"ಇದೆ. ಅದರಲ್ಲಿ ಮಲಗ್ಸಿದ್ರೆ ನಿಮ್ಮೆಜಮಾನ್ರ ಪಾದ ಹೊರಗಿರುತ್ತೆ. ನಾನೇನ್ ಮಾಡ್ಲಿ ಹೇಳಿ ತಾಯಿ? ವಾರಕ್ಕೆ ಹನ್ನೆರಡು ಕಳಿಸ್ತಾರೆ. ಜನ ಸಾಯೋದನ್ನ ಹನ್ನೆರಡಕ್ಕೇ ನಿಲ್ಲಿಸ್ತಾರಾ?"

"ನಾವೇ ಮೂಲೆಗೆ ತಗಡು ಕೊಟ್ಟು ಬಿಗೀತೀವಿ," ಎಂದ ಓಸ್ಮೆಲ್. ಸಕ್ಕರೆ ಕಾರ್ಖಾನೆಯ ತಗಡಿನ ಕೆಲಸದ ಶೆಡ್ಡಿನಲ್ಲಿ ಅರಿಸ್ತಿದೆಸನ ಪಕ್ಕದ ಮೇಜು ಅವನದಾಗಿತ್ತು. ಈಗ ಎರಡು ಕಣ್ಣಿಗೂ ಪೊರೆ ಬಂದು, ನೋಡುವ ಕೆಲಸವನ್ನೆಲ್ಲ ಅಂಗೈಗೆ ವಹಿಸಿಬಿಟ್ಟಿದ್ದ.

"ಮೇಲಿನವರು ನೋಡಿದ್ರೆ ನನ್ನ ತಲೆ ಹೋಗುತ್ತೆ," ಎಂದು ಮಿಗ್ದಾಲಿಯಾ ಅವರಿಬ್ಬರ ಮುಖ ನೋಡಿದಳು. "ನಾನು ಊಟಕ್ಕೆ ಹೋಗ್ತೀನಿ. ಅರ್ಧ ಗಂಟೆ."

ಸೆನೈದಾ ಸಾಮಾನು ತರಲು ಮನೆಗೆ ಓಡಿದಳು. ಅವಳ ಹಿಂದೆ, ಶವಗೃಹದ ತೂಗುಕುರ್ಚಿಗಳ ಸಾಲಿನಲ್ಲಿ ಬೆಲ್ಕಿಸ್ ಮೇಷ್ಟ್ರಮ್ಮ ಪಕ್ಕದವರಿಗೆ ಹೇಳುತ್ತಿದ್ದಳು: "ಮೊದಲನೇ ಪೆಟ್ಟಿಗೆ ಮಾಡಿದ್ದು ನನಗೇ. ನೀರು ತುಂಬಿಸಿ ತೋರಿಸಿದ ಪುಣ್ಯಾತ್ಮ."

*

ಅದು ಕಾರ್ಖಾನೆ ಮುಚ್ಚಿದ ವರ್ಷ. ಬೆಲ್ಕಿಸಳ ತಮ್ಮ ಪರದೇಶದಿಂದ ಅವಳಿಗೊಂದು ಕಂಪ್ಯೂಟರು ತಂದಿದ್ದ. ತಂದಿದ್ದ ಎಂದರೆ ಅದರ ಕರುಳು ಮಾತ್ರ, ಕಾಲುಚೀಲಗಳಲ್ಲಿ ಸುತ್ತಿ. ಹೊರಗಿನ ಡಬ್ಬಿಯನ್ನು ಅಲ್ಲೇ ಎಸೆದು ಆ ಜಾಗದಲ್ಲಿ ಸೋಪು, ಮಾತ್ರೆ, ಅಕ್ಕನಿಗೊಂದು ಜೊತೆ ಚಪ್ಪಲಿ ತುಂಬಿದ್ದ. ಎಲ್ಲರೂ ಹಾಗೆಯೇ ತರುತ್ತಿದ್ದರು. ಖಾಲಿ ಡಬ್ಬಿಯ ಗಾಳಿ ಹೊತ್ತು ತರಲು ವಿಮಾನದವರಿಗೆ ತೂಕದ ದುಡ್ಡು ಕೊಡುವವರು ಯಾರು?

"ಇದಕ್ಕೊಂದು ಪೆಟ್ಟಿಗೆ ಬೇಕು ಅರಿಸ್ತಿದೆಸ್," ಎಂದಳು ಬೆಲ್ಕಿಸ್.

ಕಾರ್ಖಾನೆಯಲ್ಲಿ ಹನಿ ಸೋರದಂಥ ಕಾಕಂಬಿಯ ತೊಟ್ಟಿ ಮಾಡಿ ಪಳಗಿದ ಕೈ ಅವನದು. ಮೂರು ದಿನ ಅಳತೆ ತೆಗೆದ, ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದ. ಸೋವಿಯತ್ ಕಾಲದ ಬಟ್ಟೆ ಒಗೆಯುವ ಯಂತ್ರವೊಂದನ್ನು ಬಿಚ್ಚಿ ತಗಡು ಕತ್ತರಿಸಿ, ಮಡಿಸಿ, ಸಂದುಸಂದಿಗೂ ಬೆಸುಗೆ ಹಾಕಿದ. ತಂತಿಗೆಂದು ಒಂದೇ ತೂತು, ಅದಕ್ಕೂ ರಬ್ಬರು ಬಿಗಿದ. ಆಮೇಲೆ ಕೊಡ ನೀರು ಸುರಿದು ಹತ್ತು ನಿಮಿಷ ನಿಲ್ಲಿಸಿದ.

"ನೋಡಿ ಮೇಷ್ಟ್ರೇ, ಒಂದು ಹನಿ ಸೋರಿದ್ರೆ ನನ್ನ ಹೆಸರು ಬದಲಾಯ್ಸಿ."

ಕಂಪ್ಯೂಟರು ಆ ಪೆಟ್ಟಿಗೆಯಲ್ಲಿ ಅರ್ಧ ಗಂಟೆಯಷ್ಟೇ ಬದುಕಿತು. ಮುಚ್ಚಳ ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು.

"ಇದು ಉಸಿರಾಡ್ಬೇಕಪ್ಪ," ಎಂದಳು ಬೆಲ್ಕಿಸ್.

"ಉಸಿರಾಡೋ ಪೆಟ್ಟಿಗೇನ ನಾನು ಹುಟ್ಟಿದಾಗಿಂದ ಮಾಡಿಲ್ಲ," ಎಂದ ಅವನು ನಿಜಕ್ಕೂ ಬೇಸರಪಟ್ಟುಕೊಂಡು. ಬೇಕೆಂದೇ ತೂತು ಕೊರೆಯುವುದಕ್ಕೆ ಅವನ ಕೈ ಒಗ್ಗಲು ಇನ್ನೊಂದು ತಿಂಗಳು ಹಿಡಿಯಿತು. ಒಗ್ಗಿದ ಮೇಲೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಬೀದಿಯಲ್ಲಿ ಅವನ ಪೆಟ್ಟಿಗೆಯಿಲ್ಲದ ಮನೆ ಒಂದೇ ಇತ್ತು, ಅದು ಅವನದು. ಅಲ್ಲಿ ಕಂಪ್ಯೂಟರು ಹನ್ನೊಂದು ವರ್ಷ ಒಂದು ಹಲಗೆಯ ಮೇಲೆ ಬೆತ್ತಲೆ ಓಡಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

*

ಶವಪೆಟ್ಟಿಗೆಯ ಹಲಗೆಗೆ ರಿವೆಟ್ಟು ಹಿಡಿಯಲಿಲ್ಲ. ಡ್ರಿಲ್ಲಿಗೆ ಕರೆಂಟಿಲ್ಲದೆ ಓಸ್ಮೆಲ್ ಮೊಳೆಯಿಂದ ತೂತು ಮಾಡಿದ. ತೂತಿನ ಸುತ್ತ ಹಲಗೆ ಹೊಟ್ಟಾಗಿ ಉದುರಿತು. ಸೆನೈದಾ ತಗಡಿನ ಪಟ್ಟಿ ಒತ್ತಿ ಹಿಡಿದಳು, ಅವನು ರಿವೆಟ್ಟು ಒತ್ತಿದ. ಅದು ಕಡಲೆಹಿಟ್ಟಿಗೆ ಚುಚ್ಚಿದ ಹಾಗೆ ಕಿತ್ತು ಬಂದುಬಿಟ್ಟಿತು.

"ತಗಡಿಗೆ ತಗಡು ಹಿಡಿಯುತ್ತೆ ಅಕ್ಕ. ಇದು ಸಿಪ್ಪೆ. ನಮ್ಮ ಕಾರ್ಖಾನೇಲಿ ಒಲೆಗೆ ಹಾಕ್ತಿದ್ವಲ್ಲ, ಅದೇ."

"ಇನ್ನೊಂದ್ಸಲ ನೋಡು."

"ನೋಡಿದ್ರೆ ಇರೋದೂ ಕಿತ್ಕೊಂಡು ಬರುತ್ತೆ."

ಅವಳು ಚೀಲದಿಂದ ನೀಲಿ ನೆಟ್‌ವರ್ಕ್ ಕೇಬಲ್ಲಿನ ಸುರುಳಿ ತೆಗೆದಳು. ಬೀದಿಯ ಕಂಪ್ಯೂಟರುಗಳನ್ನು ಜೋಡಿಸಲು ಅರಿಸ್ತಿದೆಸ್ ಮಾಳಿಗೆಯಿಂದ ಮಾಳಿಗೆಗೆ ಎಳೆದು ಉಳಿದದ್ದು, ಅವನು ಎಸೆಯಲು ಬಿಟ್ಟಿರಲಿಲ್ಲ. ಇಬ್ಬರೂ ಸೇರಿ ಪೆಟ್ಟಿಗೆಗೆ ಐದು ಸುತ್ತು ಬಿಗಿದರು. ಊಟ ಮುಗಿಸಿ ಬಂದ ಮಿಗ್ದಾಲಿಯಾ ನೀಲಿ ಕಟ್ಟುಗಳನ್ನು ನೋಡಿ, ಹೂವಿನ ಚಕ್ರವೊಂದನ್ನು ಅವುಗಳ ಮೇಲೆ ಸರಿಸಿಟ್ಟಳು.

ಸ್ಮಶಾನದಲ್ಲಿ ಆರು ಜನ ಹೊತ್ತರು. ಸರ್ಕಾರದ ಕಲ್ಲುಗೋರಿಯ ಬಾಯಿ ತೆರೆದಿತ್ತು. ಹಗ್ಗ ಕೊಡುವಾಗ ತಳ ಚಟ್ ಎಂದಿತು.

"ಕೈ ಕೊಡ್ರೋ, ಕೆಳಗೆ ಕೈ ಕೊಡಿ," ಎಂದ ಓಸ್ಮೆಲ್.

ಎಂಟು ಹತ್ತು ಕೈಗಳು ತಳಕ್ಕೆ ಹೋದವು. ಬೆಲ್ಕಿಸ್ ಮೇಷ್ಟ್ರಮ್ಮನೂ ಕೈಚೀಲ ನೆಲಕ್ಕೆ ಹಾಕಿ ಬಗ್ಗಿದಳು. ಸೆನೈದಾ ಹಿಂಬದಿಯ ಮೂಲೆ ಹಿಡಿದಿದ್ದಳು. ಬಟ್ಟೆಯಾಚೆ ಅವನ ಹಿಮ್ಮಡಿ ಅಂಗೈಗೆ ತಾಗಿತು. ತಾನು ಕುಸಿದರೆ ಅವನೂ ಕುಸಿಯುತ್ತಾನೆಂದು ನಿಂತಳು. ಹೇಗೋ ಇಳಿಯಿತು. ಗೋರಿಯ ಬಾಯಿಗೆ ಸಿಮೆಂಟಿನ ಚಪ್ಪಡಿ ಎಳೆದರು.

"ಕ್ಷಮಿಸು ಮಾರಾಯ," ಎಂದ ಓಸ್ಮೆಲ್ ಚಪ್ಪಡಿಯ ಕಡೆ ತಿರುಗಿ. "ನಾನಾಗಿದ್ರೆ ನೀನು ಹೀಗೆ ಕಳಿಸ್ತಿರಲಿಲ್ಲ."

ಬಾಗಿಲ ಬಳಿಯ ಕೋಣೆಯಲ್ಲಿ ಗುಮಾಸ್ತ ಹೆಸರು ಬರೆದುಕೊಂಡ.

"ಎರಡು ವರ್ಷ ಆದ್ಮೇಲೆ ಬನ್ನಿ ಅಮ್ಮ. ಮೂಳೆ ತೆಗೆದು ಗೂಡಿಗೆ ಇಡ್ಬೇಕು, ಜಾಗ ಬೇರೆಯವರಿಗೆ ಬೇಕಲ್ಲ. ಪೆಟ್ಟಿಗೆ ನೀವೇ ತಂದ್ರೆ ಒಳ್ಳೇದು. ನಮ್ಮಲ್ಲಿ ಸಿಮೆಂಟಿಂದು ಬಂದ್ರೆ ಬಂತು, ಇಲ್ಲಾಂದ್ರೆ ಗೋಣಿಚೀಲ."

"ಎಂಥ ಪೆಟ್ಟಿಗೆಯಾದ್ರೂ ಆಗುತ್ತಾ?"

"ಗಟ್ಟಿ ಇದ್ರೆ ಸಾಕು."

ಆ ದಿನ ಮೊದಲ ಬಾರಿಗೆ ಸೆನೈದಾಳ ಎದೆಯ ಮೇಲಿನ ಕಲ್ಲು ತುಸು ಅಲುಗಿತು. "ಮನೇಲಿ ಇದೆ. ಅವರೇ ಮಾಡಿದ್ದು," ಎಂದಳು.

"ಉದ್ದ ನೋಡ್ಕೊಳ್ಳಿ. ಎತ್ತರದ ಆಳಾ?"

"ಆರಡಿ ನಾಲ್ಕು."

"ಹಾಗಾದ್ರೆ ಒಳಗೆ ಐವತ್ತೆರಡು ಸೆಂಟಿಮೀಟರ್ ಬೇಕು. ತೊಡೆ ಮೂಳೆ ಹಿಡೀಬೇಕಲ್ಲ."

*

ಹೋದ ತಿಂಗಳು ಅವನು ಕೊನೆಗೂ ಮನೆಯ ಕಂಪ್ಯೂಟರಿಗೆ ಪೆಟ್ಟಿಗೆ ಮಾಡಲು ಕೂತಿದ್ದ. ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ಹೆಂಡತಿಯ ಮುಂದೆ ಹಿಡಿದ. ಅರವತ್ತು ಸೆಂಟಿಮೀಟರ್ ಎತ್ತರ, ಮೂರು ಫ್ಯಾನು, ಮುಂದೆ ಜಾಲರಿ.

"ಇದೇನು, ಬೀರುವಾ?" ಎಂದಳು ಸೆನೈದಾ.

"ಒಳಗೆ ಗಾಳಿ ಆಡ್ಬೇಕು ಮುದುಕಿ."

ಅವಳಿಗೆ ಇಪ್ಪತ್ತೆಂಟಾಗಿದ್ದಾಗಿನಿಂದ ಅವನು ಕರೆಯುತ್ತಿದ್ದುದೇ ಹಾಗೆ.

"ನಿನ್ನ ಗಾಳಿ ಆಚೆ ಆಡ್ಲಿ. ದೇವಮಾತೆಯ ಪ್ರತಿಮೆಗೂ ಟಿವಿಗೂ ಮಧ್ಯ ಇರೋ ಜಾಗದಲ್ಲಿ ಕೂರ್ಬೇಕು. ಚಿಕ್ಕದು ಮಾಡು. ಈ ಮನೆ ತುಂಬ ಆಗಲೇ ನೀನಿದೀಯ."

"ಎಷ್ಟು ಚಿಕ್ಕದು?"

ಅವಳು ಎರಡು ಕೈ ಎದುರುಬದುರು ಹಿಡಿದು ತೋರಿಸಿದಳು. ಅವನು ಟೇಪು ತಂದು ಅವಳ ಅಂಗೈಗಳ ನಡುವೆ ಹಿಡಿದ. ನಲವತ್ತಮೂರು. ಚಿತ್ರ ಹೊಡೆದುಹಾಕಿ ಬೇರೆ ಬರೆದ. ಗೊಣಗಿದ, ಆದರೆ ಅಷ್ಟು ಸಣ್ಣದರಲ್ಲಿ ಎಲ್ಲ ಕೂರಿಸುವ ಪಂದ್ಯ ಅವನಿಗೆ ಹಿಡಿಸಿಬಿಟ್ಟಿತ್ತು. ಮೂರು ವಾರ ಅಂಗಳದಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಮುಗಿದ ದಿನ ಮೂಲೆಮೂಲೆಗೆ ಬೆರಳಾಡಿಸಿ, "ಇದರ ಮೇಲೆ ನೀನೇ ಹತ್ತಿ ನಿಂತ್ರೂ ಏನಾಗಲ್ಲ. ಬಣ್ಣ ಯಾವುದು ಹೇಳು," ಎಂದಿದ್ದ.

"ನೋಡೋಣ ಇರು, ಅವಸರವೇನು?" ಎಂದಿದ್ದಳು ಅವಳು.

*

ಸಂಜೆ ಐದಕ್ಕೆ ಓಸ್ಮೆಲ್ ಅವಳನ್ನು ಮನೆ ಬಾಗಿಲವರೆಗೆ ಬಿಟ್ಟ.

"ಅಳತೆ ಸಾಲದಿದ್ರೆ ಹೇಳಕ್ಕ," ಎಂದವನು ತಾನೇ ನಗುವಂತೆ ಮಾಡಿದ. "ಹೇಳಿ ಏನ್ ಮಾಡ್ತೀಯ. ಈಗ ಕತ್ತರಿ ಹಿಡಿದ್ರೆ ನನ್ನ ಬೆರಳೇ ಕತ್ತರಿಸ್ಕೊತೀನಿ."

ಇನ್ನೂ ಕರೆಂಟು ಬಂದಿರಲಿಲ್ಲ. ಸೆನೈದಾ ಪೆಟ್ಟಿಗೆಯನ್ನು ಎತ್ತಿ ತಂದು ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಮಲಗಿಸಿದಳು. ಹೊರಗೆ ಬಣ್ಣವಿಲ್ಲದ ತಗಡು, ಒಳಗೆ ಒಗೆಯುವ ಯಂತ್ರದ ಬಿಳಿ ಬಣ್ಣ, ಅದರ ಮೇಲೆ ಅರ್ಧ ಉಳಿದ ರಷ್ಯನ್ ಅಕ್ಷರಗಳು. ಮೂಲೆಗೆ ನಾಲ್ಕು ರಿವೆಟ್ಟು, ಒಂದೇ ಸಾಲಿನಲ್ಲಿ. ಒತ್ತಿ ನೋಡಿದಳು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಟೇಪು ಅವನ ಮೇಜಿನ ಮೇಲೆ ಅವನಿಟ್ಟಲ್ಲೇ ಇತ್ತು. ನೇರವಾಗಿ ಹಿಡಿದಳು. ನಲವತ್ತಮೂರು. ಅಳತೆ ಬದಲಾಗಿರಬಹುದು ಎನ್ನುವಂತೆ ಇನ್ನೊಮ್ಮೆ ಹಿಡಿದಳು. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದಳು. ಆಗಲೂ ಎರಡು ಬೆರಳು ಕಡಿಮೆ. ಅರವತ್ತು ಬರೆದಿದ್ದ ಅವನು. ನನ್ನ ನಾಲಿಗೆ ಸುಮ್ಮನಿದ್ದಿದ್ದರೆ, ಎಂದುಕೊಂಡಳು. ಬೀರುವಿನಂಥದ್ದೇ ಬಂದು ಕೂತಿದ್ದರೆ ಮಾತೆಯನ್ನು ಕಿಟಕಿಗೆ ಸರಿಸಬಹುದಿತ್ತು, ಟಿವಿಯನ್ನು ಎಲ್ಲಿಗಾದರೂ ಎಸೆಯಬಹುದಿತ್ತು. ತಗಡು ಕೊಯ್ದರೆ ಪೆಟ್ಟಿಗೆ ಉಳಿಯುವುದಿಲ್ಲ, ಕೊಯ್ಯಲು ಕೈಯೂ ಇಲ್ಲ. ಅವಳಿಗೆ ಅಳು ಬಂತು, ಬೆಳಗಿನಿಂದ ಬಾರದಿದ್ದದ್ದು, ಸದ್ದಿಲ್ಲದೆ, ತಡೆಯಿಲ್ಲದೆ.

ಅಳು ನಿಂತ ಮೇಲೂ ಟೇಪು ಕೈಯಲ್ಲೇ ಇತ್ತು. ಕುರ್ಚಿಯಲ್ಲಿ ಕೂತು ಕಪ್ಪು ಲಂಗ ಸರಿಪಡಿಸಿಕೊಂಡಳು. ಟೇಪಿನ ತುದಿಯನ್ನು ತನ್ನ ಸೊಂಟದ ಮೂಳೆಗೆ ಒತ್ತಿ, ತೊಡೆಯುದ್ದಕ್ಕೂ ಮೊಣಕಾಲಿನವರೆಗೆ ಎಳೆದು, ಬೆಳಕಿಗೆ ಬಗ್ಗಿ ಓದಿದಳು.

ನಲವತ್ತೆರಡು.