ಮೂರ್ಸಲಪ್ಪನವರ ಖಾಲಿ ಕಾಲಂ

ಆರು ವರ್ಷ ದಿನವೂ ಕಂಪ್ಯೂಟರ್ ಆಟ ಆಡಿಯೂ ಒಂದೇ ಒಂದು ಆಟ ಗೆಲ್ಲದವರನ್ನು ನಾನು ಒಬ್ಬರನ್ನೇ ಬಲ್ಲೆ. ಗೆಲ್ಲುವ ಆಸೆಯೇ ಅವರಿಗಿರಲಿಲ್ಲ. ಪಾಳುಬಿದ್ದ ಪಟ್ಟಣವೊಂದರ ಹೆಬ್ಬಾಗಿಲಿನಿಂದ ಹೊರಟು, ಗಂಟೆಗೋಪುರದ ನೆರಳು ದಾಟಿ, ಉದ್ದನೆಯ ತಂತಿಬೇಲಿಯ ಪಕ್ಕದಲ್ಲೇ ಸಾಗಿ ಸೇತುವೆ ಮುಟ್ಟುವ ಅರವತ್ತೆರಡು ಸೆಕೆಂಡಿನ ಹಾದಿಯನ್ನು ಎಷ್ಟು ಸಾವಿರ ಸಲ ನಡೆದಿದ್ದರೋ, ಸೇತುವೆಯ ಆಚೆ ಏನಿದೆಯೆಂದು ಒಮ್ಮೆಯೂ ನೋಡಿದವರಲ್ಲ. ಗೋಪುರದ ಮೇಲಿಂದ ಶತ್ರುಗಳು ಬಾಣ ಬಿಟ್ಟರೆ, ಬೆನ್ನ ತುಂಬ ಚುಚ್ಚಿಸಿಕೊಂಡೇ, ಕತ್ತು ಸಹ ತಿರುಗಿಸದೆ ಮುಂದೆ ಹೋಗುತ್ತಿದ್ದರು. ಕತ್ತು ತಿರುಗಿಸಿದರೆ ಪರದೆಯ ಮೇಲಿನ ಚಿತ್ರ ಬದಲಾಗುತ್ತದೆ; ಚಿತ್ರ ಬದಲಾದರೆ ಅಳತೆ ಕೆಡುತ್ತದೆ. ಕಚೇರಿಯ ಕಾರಿಡಾರಿನಲ್ಲೂ ಅವರ ನಡಿಗೆ ಹಾಗೆಯೇ. ಎಡಗೋಡೆಯಿಂದ ಒಂದು ಗೇಣು ದೂರ, ಒಂದೇ ವೇಗ. ಎದುರು ಬಂದವರೇ ಪಕ್ಕಕ್ಕೆ ಸರಿಯಬೇಕು.

ನಮ್ಮದು ಕಂಪ್ಯೂಟರುಗಳ ವಿಷಯದ ಮಾಸಪತ್ರಿಕೆ. ಆಟದ ಚಿತ್ರಗಳನ್ನು ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡುಗಳ ಪೈಕಿ ತೀರ ಅಗ್ಗದವೂ ಅಲ್ಲದ, ಕೇಳಿ ಬೆಚ್ಚುವಷ್ಟು ದುಬಾರಿಯೂ ಅಲ್ಲದ ನಡುಬೆಲೆಯವನ್ನು ಪರೀಕ್ಷಿಸುವುದು ಅವರ ಕೆಲಸ. ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ, ಬಿಡಿಸಿದ್ದು ಎಷ್ಟು ಚೊಕ್ಕವಾಗಿದೆ, ಈ ಎರಡೇ ಪ್ರಶ್ನೆ. ಕಾರ್ಡು ಬದಲಿಸಲು ಅವರಿಗೆ ನೆರವಾಗುವುದು, ಅವರ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿ ನಾಲ್ಕು ಪುಟ ಬರೆಯುವುದು ನನ್ನ ಕೆಲಸ. ಒಂಬತ್ತು ಆಟಗಳನ್ನು ಇಟ್ಟುಕೊಂಡು ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡುತ್ತಿದ್ದರಿಂದ ಕಚೇರಿಯಲ್ಲಿ ಅವರಿಗೆ ಮೂರ್ಸಲಪ್ಪ ಎಂಬ ಹೆಸರು ಬಿದ್ದಿತ್ತು. ಅದು ಅವರ ಕಿವಿಗೂ ಬಿತ್ತು. ಸಿಟ್ಟಾಗುವ ಬದಲು ತಿದ್ದಿದರು: “ನಾಲ್ಕು ಸಲ ಕಣ್ರೀ. ಮೊದಲನೇದು ಕಾರ್ಡು ಬಿಸಿಯಾಗೋಕೆ, ಅದು ಲೆಕ್ಕಕ್ಕಿಲ್ಲ.”

ಪರೀಕ್ಷೆಯ ಕೋಣೆಯನ್ನು ಬೇಸಿಗೆಯಲ್ಲೂ ಇಪ್ಪತ್ತೆರಡು ಡಿಗ್ರಿಗೆ ಇಳಿಸಿಡುತ್ತಿದ್ದರು. ಸೆಖೆ ಹೆಚ್ಚಾದರೆ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದಂತೆ. ಹೊರಗೆ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿ ಬೀಸಿಕೊಳ್ಳುತ್ತಿದ್ದಾಗ ಒಳಗೆ ಅವರು ಕಂದು ಬಣ್ಣದ ಉಣ್ಣೆಯ ಕೋಟು ಹಾಕಿಕೊಂಡು ಕೂತಿರುತ್ತಿದ್ದರು. ಅದರ ಎರಡೂ ಮೊಣಕೈ ಸವೆದು ತೂತಾಗಿದ್ದವು. ತೂತು ಎಲ್ಲಿತ್ತೆಂದು ಈಗ ಯಾರಿಗೂ ತೋರಿಸಲಾಗದಂತೆ ಅವರ ಅಕ್ಕ ಎಳೆಗೆ ಎಳೆ ಕೂಡಿಸಿ ನೇಯ್ದಿದ್ದರು. ಹರಿದ ಬಟ್ಟೆ ಸರಿಪಡಿಸುವುದೇ ಆಕೆಯ ಕಸುಬು.

ಈ ಅಕ್ಕ ತಿಂಗಳಿಗೊಮ್ಮೆ ನಮ್ಮ ಕಚೇರಿಗೆ ಬರುತ್ತಿದ್ದರು. ವೇಗವನ್ನು ಯಂತ್ರ ಅಳೆಯುತ್ತದೆ, ಅಂದವನ್ನು ಕಣ್ಣೇ ಅಳೆಯಬೇಕು. ಯಾವ ಪರದೆಯ ಹಿಂದೆ ಯಾವ ಕಾರ್ಡಿದೆಯೆಂದು ಬಲ್ಲ ತಮ್ಮ ಕಣ್ಣನ್ನು ಮೂರ್ಸಲಪ್ಪನವರು ನಂಬುತ್ತಿರಲಿಲ್ಲ. ಆದ್ದರಿಂದ ಎರಡು ಯಂತ್ರ, ಒಂದೇ ಬಗೆಯ ಎರಡು ಪರದೆ, ಮುಂದೊಂದು ಕುರ್ಚಿ. ಆಟವೆಂದರೆ ಮಕ್ಕಳು ಹಾಳಾಗುವ ದಾರಿ ಎಂದಷ್ಟೇ ತಿಳಿದಿದ್ದ ಅಕ್ಕ ಆ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಪರದೆಗಳನ್ನು ಸೀರೆಯ ಅಂಚು ನೋಡುವಂತೆ ನೋಡುತ್ತಿದ್ದರು.

ನಾನು ಹೇಳಹೊರಟ ಘಟನೆ ಐದು ಕಾರ್ಡುಗಳನ್ನು ಹೋಲಿಸಿದ ಸಂಚಿಕೆಯದು. ಸಂಪಾದಕರ ತಾಳ್ಮೆ ಆಗಲೇ ತೀರಿತ್ತು. ಹಿಂದಿನ ಎರಡು ಸಂಚಿಕೆಗಳೂ ಈ ಕೋಣೆಯಿಂದಾಗಿಯೇ ತಡವಾಗಿದ್ದವು. ಇನ್ನೊಮ್ಮೆ ಎಡವಟ್ಟಾದರೆ ಕೋಣೆ ಮುಚ್ಚುವುದು, ತಯಾರಕರು ಕಳಿಸುವ ಅಂಕಿಗಳನ್ನೇ ಅಚ್ಚು ಹಾಕುವುದು ಎಂದು ಅವರು ಎಲ್ಲರೆದುರು ಹೇಳಿದ್ದರು. ಮೂರ್ಸಲಪ್ಪನವರಿಗೆ ಬೇರೆ ಕೆಲಸ ಸಿಕ್ಕೀತು; ಆದರೆ ಆ ಕೋಣೆ ಇನ್ನೆಲ್ಲಿಯೂ ಸಿಗುವಂಥದಲ್ಲ. ಈ ಸಲ ಎಲ್ಲವೂ ವೇಳೆಗೆ ಮುಗಿದಿತ್ತು. ಐದನೆಯ ಕಾರ್ಡು ಉಳಿದವನ್ನು ಶೇಕಡಾ ಹದಿನಾಲ್ಕರಷ್ಟು ಹಿಂದೆ ಹಾಕಿತ್ತು. ಸಂಪಾದಕರು ಖುಷಿಯಾಗಿ ಮುಖಪುಟಕ್ಕೆ ‘ನಡುಬೆಲೆಯ ದೊರೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಮರುದಿನ ಮಧ್ಯಾಹ್ನ ಪುಟಗಳು ಅಚ್ಚಿಗೆ ಹೋಗಬೇಕು. ಉಳಿದದ್ದು ಅಕ್ಕನ ಕಣ್ಣಿನ ಪರೀಕ್ಷೆ ಮಾತ್ರ.

ಅಕ್ಕ ಒಂದು ನಿಮಿಷ ನೋಡಿದರು. “ಬಲಗಡೇದ್ರಲ್ಲಿ ಬೇಲಿ ಎಳೆ ಬಿಟ್ಟಿದೆ ನೋಡೋ.”

“ಎರಡೂ ಒಂದೇ ಸೆಟ್ಟಿಂಗ್ ಅಕ್ಕ.”

“ನಿನ್ನ ಸೆಟ್ಟಿಂಗ್ ಏನೋ ನಂಗೊತ್ತಿಲ್ಲ ಕಣೋ. ಮೂರನೇ ಕಂಬದಿಂದ ಆಚೆಗೆ ತಂತಿನೇ ಇಲ್ಲ. ಹೊಲಿಯದೇನೇ ಹೊಲಿದಿದೀನಿ ಅಂತ ಕೊಟ್ಟ ಹಾಗಿದೆ.”

ಬಲಗಡೆಯದು ಐದನೆಯ ಕಾರ್ಡು. ಮೂರ್ಸಲಪ್ಪನವರು ಆಟದ ಸೆಟ್ಟಿಂಗ್ ಪುಟ ತೆರೆದರು. ಕೆಲವು ಆಟಗಳಿಗೆ ಒಂದು ಚಾಳಿಯಿದೆ: ಹೊಸ ಕಾರ್ಡು ಕಂಡೊಡನೆ ಯಾರನ್ನೂ ಕೇಳದೆ ಚಿತ್ರದ ಗುಣಮಟ್ಟವನ್ನು ತಮಗೆ ತೋಚಿದಂತೆ ಬದಲಿಸಿಬಿಡುತ್ತವೆ. ಇಲ್ಲಿಯೂ ಹಾಗೇ ಆಗಿತ್ತು. ದೂರದ ಬೇಲಿ, ಹುಲ್ಲು, ನೆರಳು ಎಲ್ಲವೂ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದವು. ಬಿಡಿಸಬೇಕಾದ್ದೇ ಕಡಿಮೆಯಾದ ಮೇಲೆ ಕಾರ್ಡು ಓಡದೆ ಏನು ಮಾಡೀತು?

ಇದಕ್ಕೆಂದೇ ಗೋಡೆಯ ಮೇಲೆ ಹನ್ನೊಂದು ಸಾಲಿನ ಪಟ್ಟಿಯಿತ್ತು. ಕಾರ್ಡು ಬದಲಿಸಿದಾಗಲೆಲ್ಲ ಒಂದೊಂದನ್ನೂ ನೋಡಿ ಟಿಕ್ ಹಾಕಬೇಕು. ಏಳನೆಯ ಸಾಲು: ಸೆಟ್ಟಿಂಗ್ ಪುಟ ತೆರೆದು ನೋಡುವುದು. ಐದನೆಯ ಕಾರ್ಡನ್ನು ಕೂರಿಸಿದವ ನಾನು. ಟಿಕ್ ಹಾಕಿದವನೂ ನಾನು. ಉಳಿದ ಹತ್ತೂ ಸರಿಯಿದ್ದವು. ಏಳನೆಯದನ್ನು ಮಾತ್ರ ನೋಡಿರಲಿಲ್ಲ, ಕೈ ತಾನಾಗಿ ಗೀಚಿಕೊಂಡು ಹೋಗಿತ್ತು. ಭೌತಶಾಸ್ತ್ರದ ಪದವಿ ಪಡೆದವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆಯಿಲ್ಲ. ಮೂರ್ಸಲಪ್ಪನವರಿಗೆ ಇದ್ದದ್ದನ್ನು ಹೇಳಿದೆ. ಅವರು ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಒಂಬತ್ತೂ ಆಟ ಮತ್ತೆ ಮಾಡಬೇಕು. ಎರಡು ದಿನ,” ಎಂದರು. ಕೋಟಿನ ಗುಂಡಿ ಹಾಕಿಕೊಂಡು ನೇರ ಸಂಪಾದಕರ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ.

“ಆ ಕಾರ್ಡಿನ ಕಾಲಂ ಖಾಲಿ ಬಿಡಿ ಸಾರ್. ಅಂಕಿ ತಪ್ಪಿದೆ.”

“ಖಾಲಿ ಕಾಲಂ ಯಾರಾದ್ರೂ ಅಚ್ಚು ಹಾಕ್ತಾರೇನ್ರೀ? ಓದೋರು ನಗಲ್ವಾ?”

“ನಗಲಿ ಸಾರ್. ತಪ್ಪು ಅಂಕಿ ನಂಬಿ ಕಾರ್ಡ್ ತಗೊಂಡವರು ನಗಲ್ಲ.”

“ಮುಖಪುಟದ ದೊರೆ?”

“ದೊರೆ ಯಾರು ಅಂತ ಇನ್ನೂ ಗೊತ್ತಿಲ್ಲ.”

ಸಂಪಾದಕರು ಮೇಜು ಗುದ್ದಿದರು. “ಆ ಕೋಣೆ ಬೀಗದ ಕೈ ಇಲ್ಲಿಟ್ಟು ಹೋಗಿ!”

“ಇಡ್ತೀನಿ ಸಾರ್. ಎರಡು ದಿನ ಆಗಲಿ. ಪರೀಕ್ಷೆ ಅರ್ಧಕ್ಕೆ ನಿಂತಿದೆ.”

ಆ ಮಾತಿನಲ್ಲಿ ಹಟದ ಸುಳಿವೂ ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆಂದು ಕೇಳಿದವರಿಗೆ ಹೇಳುವಂತಿತ್ತು. ಗುದ್ದಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಸಂಪಾದಕರು ಅದರಿಂದಲೇ ನೀರಿನ ಲೋಟ ಎತ್ತಿಕೊಂಡರು.

ಸಂಪಾದಕರು ಮುಖಪುಟದಿಂದ ದೊರೆಯನ್ನು ತೆಗೆಸಿದರು; ಸಂಚಿಕೆ ಖಾಲಿ ಕಾಲಮ್ಮಿನೊಂದಿಗೇ ಹೊರಬಂತು. ಅದರ ಕೆಳಗಿನ ಮೂರು ಸಾಲು ಅವರೇ ಬರೆದದ್ದು: ‘ಈ ಕಾರ್ಡನ್ನು ಮತ್ತೆ ಅಳೆಯುತ್ತಿದ್ದೇವೆ. ಆಟ ತಾನಾಗಿ ಗುಣಮಟ್ಟ ಇಳಿಸಿ ದೂರದ ಬೇಲಿ ಅಳಿಸಿತ್ತು. ಪರೀಕ್ಷಕ ಸೆಟ್ಟಿಂಗ್ ಪುಟ ತೆರೆದು ನೋಡಲಿಲ್ಲ.’ ಪುಟ ಅಚ್ಚಿಗೆ ಹೋಗುವ ಮುನ್ನವೇ ಅದನ್ನು ಓದಿದೆ. ಅದರಲ್ಲಿ ಸುಳ್ಳಿರಲಿಲ್ಲ, ಅವರೂ ಆ ಪುಟ ತೆರೆದಿರಲಿಲ್ಲ, ನನ್ನ ಟಿಕ್ ನಂಬಿದ್ದರು. ಆದರೆ ಅವರು ಅಪೂರ್ಣ ವಿವರ ಅಚ್ಚಿಗೆ ಕೊಟ್ಟದ್ದು ನಾನು ಕಂಡಂತೆ ಅದೊಂದೇ ಸಲ.

“ಇದರಲ್ಲಿ ನನ್ನ ಪಾಲು ಎಲ್ಲಿ?” ಎಂದೆ.

“ಅದು ನಿಮಗೆ ಗೊತ್ತಿದೆಯಲ್ಲ, ಸಾಕು. ಆ ಸ್ಕ್ರೂಡ್ರೈವರ್ ಕೊಡಿ ಇತ್ಲಾಗೆ.”

ಮರು ಅಳತೆಯಲ್ಲಿ ಐದನೆಯ ಕಾರ್ಡು ಮೂರನೆಯ ಸ್ಥಾನಕ್ಕೆ ಬಂತು. ಎರಡನೆಯ ಸ್ಥಾನದ್ದಕ್ಕಿಂತ ಶೇಕಡಾ ಎರಡು ಹಿಂದೆ, ಕೆಟ್ಟ ಕಾರ್ಡೇನಲ್ಲ. ಎರಡು ದಿನ ಮುಗಿದ ಸಂಜೆ ಅವರು ಬೀಗದ ಕೈಯನ್ನು ಸಂಪಾದಕರ ಮೇಜಿನ ಮೇಲಿಟ್ಟು ಮನೆಗೆ ಹೋದರು. ಸಂಚಿಕೆ ಓದುಗರ ಕೈಸೇರಿದ ಮೇಲೆ ಪತ್ರಗಳು ಬರತೊಡಗಿದವು. ಒಂದು ವಾರದಲ್ಲಿ ನಲವತ್ತೊಂದು, ನಾನೇ ಎಣಿಸಿದೆ. ಬೈದವರು ಇಬ್ಬರು. ಉಳಿದವರು ಆ ಸೆಟ್ಟಿಂಗ್ ಪುಟವನ್ನು ತಮ್ಮ ಯಂತ್ರದಲ್ಲಿ ಹೇಗೆ ನೋಡುವುದೆಂದು ಕೇಳಿದ್ದರು. ಅವರಲ್ಲಿ ಹನ್ನೊಂದು ಮಂದಿ ತಮ್ಮಲ್ಲೂ ಬೇಲಿ ಮಾಯವಾಗಿತ್ತೆಂದು ಬರೆದಿದ್ದರು.

ಎಂಟನೆಯ ದಿನ ಸಂಪಾದಕರು ಮೂರ್ಸಲಪ್ಪನವರನ್ನು ಕರೆದುಕೊಂಡು, ತಾವೇ ಬೀಗ ತೆಗೆದು ಮೊದಲ ಬಾರಿಗೆ ಆ ಕೋಣೆಯೊಳಗೆ ಬಂದರು. ಯಾರೂ ಆರಿಸದೆ ಬಿಟ್ಟಿದ್ದ ಏಸಿಯ ಚಳಿಗೆ ಕೈ ಉಜ್ಜಿಕೊಂಡು ಅಕ್ಕನ ಕುರ್ಚಿಯಲ್ಲಿ ಕೂತರು.

“ಮುಂದಿನ ಸಂಚಿಕೆಗೆ ಎಷ್ಟು ದಿನ ಜಾಸ್ತಿ ಬೇಕ್ರೀ?”

“ನಾಲ್ಕು ಸಾರ್.”

“ಎರಡು.”

“ಮೂರು.”

“ಹಾಳಾಗ್ಲಿ, ತಗೊಳ್ಳಿ,” ಎಂದು ಬೀಗದ ಕೈ ಅವರ ಕೋಟಿನ ಜೇಬಿಗೆ ಹಾಕಿ ಎದ್ದರು.

ಅಳತೆಯವರು ಒಣ ಮನುಷ್ಯರು ಎನ್ನುವವರಿದ್ದಾರೆ. ಹಾಗೆನ್ನುವವರು ಅವರ ಪಕ್ಕದಲ್ಲಿ ಕೂತು ಕೆಲಸ ಮಾಡಿರಲಾರರು. ಎಷ್ಟು ಎಚ್ಚರದ ಕೈಯೊಳಗೂ ತಪ್ಪು ಹೇಗೆ ನುಸುಳುತ್ತದೆಂದು ದಿನವೂ ಕಾಣುವವರಿಗೆ ತಪ್ಪಿದವರ ಮೇಲೆ ಸಿಟ್ಟು ಸುಲಭಕ್ಕೆ ಬರುವುದಿಲ್ಲ. ಮತ್ತೆ ಅಳೆದರೆ ಸರಿಹೋಗುತ್ತದೆಂಬ ಭರವಸೆ ಅವರ ವೃತ್ತಿಯಲ್ಲೇ ಇದೆ. ಅಂಕಿಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಇವರು ಮನುಷ್ಯರ ವಿಷಯದಲ್ಲಿ ಮೊಳಗಟ್ಟಲೆ ಬಿಟ್ಟುಕೊಡುತ್ತಾರೆ.